ಉತ್ತರದ ಮನೆಯಲ್ಲಿಟ್ಟ ಬ್ಯಾಗು

ಅಶ್ವತ್ಥ್ ಹೊರಡಬೇಕಾಗಿದ್ದದ್ದು ಬುಧವಾರ. ಅವನ ಬ್ಯಾಗು ಸೋಮವಾರವೇ ಹೊರಟುಬಿಟ್ಟಿತು. ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದ.

ಬ್ಯಾಗನ್ನು ಹೊರಡಿಸಿದವಳು ಅವನ ಅಜ್ಜಿ ಪಟಾಲಮ್ಮ. ಬುಧವಾರ ಉತ್ತರ ದಿಕ್ಕಿಗೆ ಶೂಲೆ, ಆ ದಿನ ಆ ಕಡೆಗೆ ಪ್ರಯಾಣ ಹೊರಡಬಾರದು. ದಿಲ್ಲಿ ಇರುವುದು ಉತ್ತರಕ್ಕೆ, ರೈಲು ಇರುವುದು ಬುಧವಾರ. ಎರಡನ್ನೂ ಬದಲಾಯಿಸಲಾಗದ ಕಾರಣ ಅವಳು ಹಳೆಯ ಉಪಾಯ ಹಿಡಿದಳು: ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆ ನೋಡಿ ಪ್ರಯಾಣಿಕನ ಗಂಟನ್ನು ಅವನು ಹೋಗುವ ದಿಕ್ಕಿನ ಒಂದು ಮನೆಯಲ್ಲಿ ಮೊದಲೇ ಇಟ್ಟುಬಿಟ್ಟರೆ ಅವನು ಹೊರಟಂತೆಯೇ ಲೆಕ್ಕ. ಮನುಷ್ಯ ಆಮೇಲೆ ಯಾವಾಗ ಬೇಕಾದರೂ ಹೋಗಿ ಅದನ್ನು ಕೂಡಿಕೊಳ್ಳಬಹುದು. ಗಂಟು ಮಾತ್ರ ಮತ್ತೆ ಮನೆಯ ಹೊಸಿಲು ದಾಟಿ ಒಳಗೆ ಬರಕೂಡದು.

ಕೊಡಿಗೇಹಳ್ಳಿಯ ಆ ಓಣಿಯಲ್ಲಿ ಅವರ ಮನೆಗೆ ಸರಿಯಾಗಿ ಉತ್ತರಕ್ಕಿದ್ದದ್ದು ಬೋರ್‌ವೆಲ್ ಮೋಟರ್ ರಿಪೇರಿಯ ಖಾದರ್ ಬಾಷಾನ ಮನೆ. ಸೋಮವಾರ ಬೆಳಿಗ್ಗೆ ರಾಹುಕಾಲ ಕಳೆದ ಹತ್ತನೇ ನಿಮಿಷಕ್ಕೆ ಪಟಾಲಮ್ಮ ಅರವತ್ತು ಲೀಟರಿನ ಕಿತ್ತಳೆ ಬಣ್ಣದ ಬ್ಯಾಗನ್ನು ಅಕ್ಕಿ ಮೂಟೆಯಂತೆ ಎಳೆದುಕೊಂಡು ಹೋಗಿ ಬಾಷಾನ ಹೆಂಡತಿ ಗೌಹರ್‌ಗೆ ಒಪ್ಪಿಸಿ ಬಂದಳು. ಅಂದು ರಾತ್ರಿ ಅಶ್ವತ್ಥನಿಗೆ ಮುದ್ದೆ ಬಡಿಸಿದ್ದು ಹೊರಗಿನ ಜಗಲಿಯಲ್ಲಿ.

"ಇದ್ಯಾಕಜ್ಜಿ ಇಲ್ಲಿ?"

"ನೀನ್ ಊರಲ್ಲಿಲ್ಲ ಕಣ್ಲಾ. ಒಂಟೋಗಿದ್ದೀಯ. ಸುಮ್ನೆ ಉಣ್ಣು."

ಅಶ್ವತ್ಥ್ ತಕರಾರು ಮಾಡಲಿಲ್ಲ. ಮಾಡುವ ಸ್ಥಿತಿಯಲ್ಲೂ ಇರಲಿಲ್ಲ. ಅವನು ಮನೆಯಲ್ಲಿ ಹೇಳಿದ್ದ ಸುಳ್ಳಿನ ಮುಂದೆ ಶೂಲೆ ಏನೂ ಅಲ್ಲ.

ಅವನಿಗೆ ಮೂವತ್ತೊಂದು. ಒಂಬತ್ತು ವರ್ಷದಿಂದ ಲಿಫ್ಟ್ ರಿಪೇರಿ ಕಂಪನಿಯೊಂದರ ದೂರು ವಿಭಾಗದಲ್ಲಿದ್ದ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಫೋನ್ ಮಾಡಿದರೆ "ಗಾಬರಿಯಾಗಬೇಡಿ, ನಮ್ಮ ಟೆಕ್ನಿಷಿಯನ್ ಹೊರಟಿದ್ದಾರೆ" ಎನ್ನುವುದು ಅವನ ಕೆಲಸ. ಟೆಕ್ನಿಷಿಯನ್ ಆ ಹೊತ್ತಿಗೆ ಸಾಮಾನ್ಯವಾಗಿ ಊಟಕ್ಕೆ ಕೂತಿರುತ್ತಿದ್ದ. ಒಂದು ದಿನ ಅಶ್ವತ್ಥನಿಗೆ ಹೊಳೆಯಿತು: ತನಗೆ ಫೋನ್ ಮಾಡುವವರೆಲ್ಲ ನಲವತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ತಾನು ಮಾತ್ರ ಒಂಬತ್ತು ವರ್ಷವಾದರೂ ಬಂದಿಲ್ಲ. ಆ ಶನಿವಾರವೇ ಹೋಗಿ ಬ್ಯಾಗು ಕೊಂಡು ತಂದ. ಹೋದ ತಿಂಗಳು ರಾಜೀನಾಮೆ ಬರೆದುಕೊಟ್ಟ. ಮಂಗಳವಾರ ಸಂಜೆ ಬೀಳ್ಕೊಡುಗೆಯ ಕೇಕು ತಿಂದು ಬಂದ. ದಿಲ್ಲಿಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ಕಡೆ, ಸಿಕ್ಕ ಹಾಸ್ಟೆಲಿನಲ್ಲಿ ಮಲಗುವುದು, ಸಾಕೆನಿಸಿದಾಗ ವಾಪಸು. ಒಬ್ಬನೇ. ತಿರುಪತಿಯಾಚೆ ಅವನು ಒಬ್ಬನೇ ಎಲ್ಲಿಗೂ ಹೋದವನಲ್ಲ.

ಇದನ್ನು ಅಪ್ಪ ಚಿಕ್ಕಬೈರಪ್ಪನಿಗೆ ಹೇಳುವಂತಿರಲಿಲ್ಲ. ಕಂಪನಿಯ ಆಫೀಸು ಇದ್ದದ್ದೇ ಸಹಕಾರನಗರದ ಅವರ ಮೂರಂತಸ್ತಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಲಸ ಸಿಕ್ಕಿದ್ದು ಬಾಡಿಗೆ ಕರಾರಿನ ಜೊತೆಗೇ. "ನಮ್ದೇ ಮೆಟ್ಲು, ನಮ್ದೇ ಆಫೀಸು. ಇನ್ನೇನ್ ಬೇಕು ಮನ್ಷನಿಗೆ?" ಎನ್ನುತ್ತಿದ್ದ ಚಿಕ್ಕಬೈರಪ್ಪ. ಆದ್ದರಿಂದ ಅಶ್ವತ್ಥ್ ಮನೆಯಲ್ಲಿ, ಕಂಪನಿ ತನ್ನನ್ನು ಟ್ರೈನಿಂಗಿಗೆ ದಿಲ್ಲಿಗೆ ಕಳಿಸುತ್ತಿದೆ ಎಂದಿದ್ದ. ನಿಜವನ್ನು ಬೆಟ್ಟದ ಮೇಲಿಂದ ಫೋನಿನಲ್ಲಿ ಹೇಳುವುದೆಂದು ನಿರ್ಧರಿಸಿದ್ದ. ಅಲ್ಲಿಗೆ ಅಪ್ಪನ ಚಪ್ಪಲಿ ತಲುಪುವುದಿಲ್ಲ. ಅಲ್ಲಿಯವರೆಗೆ ಬಾಯಿ ಬಿಡಬೇಡಿ ಎಂದು ಮ್ಯಾನೇಜರ್ ಶರತ್‌ನ ಹತ್ತಿರ ಕೈಮುಗಿದು ಬೇಡಿಕೊಂಡಿದ್ದ. ಆಫೀಸಿನವರನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ಚಿಕ್ಕಬಾಣಾವರದ ಅತ್ತೆಯ ಮಗಳು ವೇದಾಗೆ. ಟ್ರಾವೆಲ್ ಏಜೆನ್ಸಿಯಲ್ಲಿದ್ದ ಅವಳೇ ಟಿಕೆಟ್ ತೆಗೆಸಿಕೊಟ್ಟಿದ್ದಳು.

ಬುಧವಾರ ಹನ್ನೊಂದೂವರೆಗೆ ಅಶ್ವತ್ಥ್ ಬರಿಗೈಯಲ್ಲಿ ಮನೆಯಿಂದ ಹೊರಬಿದ್ದ. ರೈಲು ಯಶವಂತಪುರದಿಂದ ಒಂದೂ ಇಪ್ಪತ್ತಕ್ಕೆ. ಅಪ್ಪ ಕಟ್ಟಡದ ಕಡೆ ಹೋಗಿದ್ದ. ಅಜ್ಜಿ ಬೆಳಿಗ್ಗೆಯೇ ಚಿಕ್ಕಬಾಣಾವರಕ್ಕೆ ಮಗಳ ಮನೆಗೆಂದು ಹೋಗಿಬಿಟ್ಟಿದ್ದಳು. "ಸೋಮ್ವಾರ ಒಂಟೋನ್ನ ಬುದ್ವಾರ ಇನ್ನೊಂದ್ಸಲ ಏನ್ ಕಳಿಸ್ಕೊಡಾದು?" ಎಂದಿದ್ದಳಂತೆ.

ಗೌಹರ್ ಬಾಗಿಲಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಆಂಟಿ, ಬ್ಯಾಗ್ ತಗೊಂಡ್ ಹೋಗ್ತೀನಿ."

"ಅಜ್ಜಿ ಎಲ್ಲಿ?"

"ಅತ್ತೆ ಮನೆಗೆ ಹೋಗಿದಾರೆ."

"ಬಂದ್ಮೇಲೆ ಕೊಡ್ತೀನಿ. ಕೂತ್ಕೋ, ಚಾಯ್ ಇಡ್ತೀನಿ."

ಅಶ್ವತ್ಥ್ ನಕ್ಕ. ಗೌಹರ್ ನಗಲಿಲ್ಲ.

"ಆಂಟಿ, ನಂಗೆ ಟ್ರೇನಿದೆ."

"ನೋಡಪ್ಪ, ಅದು ಅಮಾನತ್. ನಂಬ್ಕೊಂಡು ಕೊಟ್ಟಿರೋ ಸಾಮಾನು. ಯಾರ್ ಕೈಯಿಂದ ತಗೊಂಡೆನೋ ಅವ್ರ ಕೈಗೇ ವಾಪಸ್ ಹೋಗ್ಬೇಕು. ಬೇರೆಯವ್ರಿಗೆ ಕೊಟ್ರೆ ನಾಳೆ ಮೇಲ್ಗಡೆ ಉತ್ತರ ಹೇಳೋಳು ನಾನು."

"ಅದು ನನ್ ಬ್ಯಾಗ್ ಆಂಟಿ!"

"ಇರ್ಬಹುದು. ನಂಗೆ ಕೊಟ್ಟಿದ್ದು ನೀನಲ್ಲ."

ಅವಳ ಹಟಕ್ಕೆ ಕಾರಣವಿತ್ತು. ಹತ್ತು ವರ್ಷದ ಹಿಂದೆ ಅದೇ ಓಣಿಯ ಮೆಹಬೂಬ್ ಬೀ ಊರಿಗೆ ಹೋಗುವಾಗ ಹೊಲಿಗೆ ಮಿಷನ್ನನ್ನು ಗೌಹರ್‌ಳ ಹತ್ತಿರ ಇಟ್ಟು ಹೋಗಿದ್ದಳು. ಅವಳ ಮೈದುನ ಬಂದು ಕೇಳಿದ, ಮನೆಯವನೇ ತಾನೇ ಎಂದು ಗೌಹರ್ ಕೊಟ್ಟಳು. ಮಿಷನ್ನೂ ಮೈದುನನೂ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮೆಹಬೂಬ್ ಬೀ ಇವತ್ತಿಗೂ ಗೌಹರ್‌ಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ.

"ಅದೂ ಅಲ್ದೆ ಅಜ್ಜಿ ಹೇಳಿ ಹೋಗಿದಾರೆ. ನಾನ್ ಬರೋವರ್ಗೂ ಯಾರಿಗೂ ಕೊಡಬ್ಯಾಡ, ಅಶ್ವತ್ಥಂಗಂತೂ ಕೊಡ್ಲೇಬ್ಯಾಡ, ಮರೆತು ಮನೆಯೊಳಗೆ ತಂದ್ಬಿಟ್ಟಾನು ಅಂತ."

ಅಶ್ವತ್ಥ್ ಒಳಗೆ ಇಣುಕಿದ. ಮನೆಯಲ್ಲಿದ್ದ ಒಂದೇ ಒಳ್ಳೆಯ ಮಂಚದ ಮೇಲೆ, ಬಿಳಿ ಕಸೂತಿ ಬಟ್ಟೆ ಹೊದ್ದು, ಬ್ಯಾಗು ಮದುವಣಿಗನಂತೆ ಒರಗಿ ಕೂತಿತ್ತು.

"ಒಳಗೆ ಏನೇನಿದೆ ಹೇಳ್ತೀನಿ ಆಂಟಿ. ಒಂದು ಜಾಕೆಟ್ಟು, ಎರಡು ಪ್ಯಾಂಟು, ಟಾರ್ಚು, ಆಧಾರ್ ಕಾರ್ಡು. ತೆಗ್ದು ನೋಡಿ ಬೇಕಾದ್ರೆ. ಕಾರ್ಡಲ್ಲಿ ನನ್ ಫೋಟೋನೇ ಇದೆ."

"ತೆಗೀಬೇಕಾ? ಎರಡು ದಿವ್ಸದಿಂದ ಜಿಪ್ಪಿಗೆ ಬೆರಳು ಸೋಕಿಸಿಲ್ಲ ನಾನು. ತೆಗ್ದು ನೋಡಿದ್ರೆ ಅಮಾನತ್ ಅನ್ನೋಕಾಗುತ್ತಾ?"

ಅವನು ಅಜ್ಜಿಗೆ ಫೋನ್ ಮಾಡಿದ. ಸ್ವಿಚ್ ಆಫ್. ವೇದಾಗೆ ಮಾಡಿದ. ಅದು ಪೂರ್ತಿ ಬಡಿದುಕೊಂಡು ಸುಮ್ಮನಾಯಿತು. ಹಿತ್ತಲಲ್ಲಿ ಮೋಟರ್ ಬಿಚ್ಚಿಕೊಂಡು ಕೂತಿದ್ದ ಖಾದರ್ ಬಾಷಾನ ಹತ್ತಿರ ಓಡಿದ.

"ಅಂಕಲ್, ನೀವಾದ್ರೂ ಹೇಳಿ."

"ನೆಲದ ಕೆಳಗಿನ್ ವಿಷ್ಯ ಏನಿದ್ರೂ ನನ್ನ ಕೇಳು," ಎಂದ ಬಾಷಾ, ತಲೆ ಎತ್ತದೆ. "ನೆಲದ ಮೇಲಿಂದೆಲ್ಲ ಆಂಟಿದು."

ಇನ್ನು ಉಳಿದದ್ದು ಒಂದೇ ದಾರಿ. ಅಶ್ವತ್ಥ್ ಒಳಗೆ ನುಗ್ಗಿ ಬ್ಯಾಗಿನ ಪಟ್ಟಿ ಹಿಡಿದೆಳೆದ. ಕಸೂತಿ ಬಟ್ಟೆ ಬಕಲಿಗೆ ಸಿಕ್ಕಿ ಜೊತೆಗೇ ಬಂತು. ಮೂರು ಹೆಜ್ಜೆ ಇಡುವಷ್ಟರಲ್ಲಿ ಗೌಹರ್ ಬ್ಯಾಗಿನ ಮೇಲೆ ಕೂತುಬಿಟ್ಟಳು. ಬೆಳ್ಳುಳ್ಳಿ ತಟ್ಟೆ ಕೈಯಲ್ಲೇ ಇತ್ತು. ಕೂತಲ್ಲಿಂದಲೇ ಬಿಡಿಸುವುದನ್ನು ಮುಂದುವರಿಸಿದಳು.

ಸದ್ದು ಕೇಳಿ ಪಕ್ಕದ ಮನೆಯ ಕಲಾವತಿ ಬಂದಳು. ಅವಳು ಬರುವುದಕ್ಕೆ ಅಷ್ಟು ಸದ್ದು ಬೇಕಾಗಿರಲಿಲ್ಲ.

"ಏನ್ರೀ ಇದು ಗಲಾಟೆ? ಅಯ್ಯೋ, ಅಶ್ವತ್ಥ, ಈಗ ಹೊರಡ್ತಿದ್ದೀಯೇನೋ? ಹನ್ನೆರಡಾಯ್ತು, ರಾಹುಕಾಲ ಶುರು."

"ನಾನು ಸೋಮವಾರವೇ ಹೊರಟಿದೀನಿ ಆಂಟಿ," ಎಂದ ಅಶ್ವತ್ಥ್. ತನ್ನ ಬಾಯಿಂದ ಈ ಮಾತು ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಕಲಾವತಿ ಬ್ಯಾಗಿನ ಸುತ್ತ ಒಂದು ಸುತ್ತು ಬಂದಳು. "ಅಲ್ಲ ಕಣೋ, ಆಫೀಸ್ ಟ್ರೈನಿಂಗಿಗೆ ಇಷ್ಟ್ ದೊಡ್ಡ ಬ್ಯಾಗಾ? ಕೆಳಗಡೆ ಚಾಪೆ ಬೇರೆ ಸುತ್ಕೊಂಡಿದ್ದೀಯ. ಯಾಕೆ, ಕಂಪನಿಯವ್ರು ಹಾಸಿಗೆ ಕೊಡಲ್ವಾ?"

ಕಲಾವತಿ ಉತ್ತರಕ್ಕೆ ಕಾಯದೆ ಚಿಕ್ಕಬೈರಪ್ಪನಿಗೆ ಫೋನ್ ಮಾಡಿ, ಬ್ಯಾಗಿನ ಜಗಳವನ್ನೂ ಚಾಪೆಯನ್ನೂ ಸೇರಿಸಿ ವರದಿ ಒಪ್ಪಿಸಿದಳು. ಐದು ನಿಮಿಷದಲ್ಲಿ ಸ್ಕೂಟರ್ ಬಂದು ನಿಂತಿತು.

ಚಿಕ್ಕಬೈರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಗೌಹರ್ ಬ್ಯಾಗು ಕೊಡದಿರುವುದು ಸರಿ ಎಂದ. ಅಮ್ಮ ಹೇಳಿದ ಮೇಲೆ ಮುಗಿಯಿತು ಎಂದ. ಆಮೇಲೆ ಚಾಪೆಯ ಕಡೆ ನೋಡಿದ.

"ಕಲಾವತಮ್ಮ ಹೇಳೋದೂ ಸರಿನೇ. ಚಾಪೆ ಯಾಕ್ಲಾ?"

"ಅದು... ಬೆನ್ನುನೋವಿಗೆ ಅಪ್ಪ."

"ನಿಂಗ್ಯಾವಾಗ್ ಬಂತು ಬೆನ್ನುನೋವು? ಇರು, ಶರತ್‌ನ ಕೇಳಾಣ. ನಮ್ ಹುಡುಗನ್ನ ಚಾಪೆ ಹೊರ್ಸಿ ಕಳ್ಸೋದಾದ್ರೆ ಅದೆಂಥ ಕಂಪ್ನಿ?"

"ಬೇಡಪ್ಪ, ಅವ್ರು ಮೀಟಿಂಗಲ್ಲಿರ್ತಾರೆ!"

"ನನ್ ಬಿಲ್ಡಿಂಗಲ್ಲಿ ಕೂತ್ಕೊಂಡು ನನ್ ಫೋನ್ ಎತ್ತಲ್ವಾ?"

ಫೋನು ಸ್ಪೀಕರಿಗೆ ಬಂತು. ಒಂದು ರಿಂಗು. ಎರಡು. ಅಶ್ವತ್ಥನ ಎದೆ ಹಗ್ಗ ಜಾರಿದ ಲಿಫ್ಟಿನಂತೆ ಎರಡು ಮಹಡಿ ಕೆಳಗಿಳಿದು ಅಲ್ಲೇ ನಿಂತಿತು.

"ಹಲೋ ಶರತ್, ನಮ್ ಅಶ್ವತ್ಥನ ದಿಲ್ಲಿ ವಿಷ್ಯ..."

"ಅಯ್ಯೋ, ನೀವೇನೂ ಯೋಚ್ನೆ ಮಾಡ್ಬೇಡಿ ಸರ್," ಎಂದಿತು ಶರತ್‌ನ ದನಿ, ಬಲು ಮೆತ್ತಗೆ. "ಎಲ್ಲಾ ಮಾತಾಗಿದೆ. ಆರಾಮಾಗಿ ಹೋಗ್ಬರ್ಲಿ."

"ಚಾಪೆ ಬೇಕಾ?"

"ಇದ್ರೆ ಒಳ್ಳೇದೇ ಸರ್."

ಅಶ್ವತ್ಥನ ಕಣ್ಣು ತುಂಬಿತು. ಒಂಬತ್ತು ವರ್ಷ ಈ ಮನುಷ್ಯನನ್ನು ಊಟದ ಡಬ್ಬಿಯ ಮುಂದೆ ಕೂತು ಬೈದಿದ್ದ. ಇಂಥ ಸಮಯದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ದೊಡ್ಡ ಮನುಷ್ಯನೇ ಇರಬೇಕು.

ಆಗಲೇ ಗೌಹರ್‌ಳ ಫೋನು ಹೊಡೆದುಕೊಂಡಿತು. ಪಟಾಲಮ್ಮ. ಅವಳು ಫೋನಿನಲ್ಲಿ ಮಾತಾಡಿದರೆ ಸ್ಪೀಕರು ಬೇಕಾಗಿರಲಿಲ್ಲ.

"ಗೌರಮ್ಮಾ!" ಗೌಹರ್‌ಳನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. "ನಾನು ಯಶವಂತಪುರದ ಟೇಸನ್‌ನಾಗಿವ್ನಿ. ಚಿಕ್ಕಬಾಣಾವರದಿಂದ ರೈಲಲ್ಲಿ ಬಂದೆ. ಚೀಲ ಇಲ್ಲಿಗೇ ತಕಬಾ. ನೀನೇ ತರ್ಬೇಕು, ಅವನ ಕೈಗೆ ಕೊಡಬ್ಯಾಡ. ಚಿಕ್ಕಬೈರ ಬರಾದ್ ಬ್ಯಾಡ ಅನ್ನು. ಶೂಲೆ ದಿವ್ಸ ಅಪ್ಪ ಮಗ ಒಂದೇ ಕಡೆ ನಿಲ್ಬಾರ್ದು."

ಇಂಥ ನಿಯಮವೊಂದಿದೆ ಎಂದು ಚಿಕ್ಕಬೈರಪ್ಪ ಕೇಳಿದ್ದು ಅದೇ ಮೊದಲು. ಆದರೆ ಅವನ ತಾಯಿ ಆಗಾಗ ಹೊಸ ಹೊಸ ಹಳೆಯ ನಿಯಮಗಳನ್ನು ಹೊರತೆಗೆಯುತ್ತಿದ್ದಳು. ಅವನು ಮಗನ ಭುಜ ತಟ್ಟಿ, "ಚೆನ್ನಾಗ್ ಟ್ರೈನಿಂಗ್ ತಗಾ. ಪ್ರಮೋಷನ್ ಸಿಗ್ಬೇಕು," ಎಂದು ಸ್ಕೂಟರ್ ತಿರುಗಿಸಿದ.

"ಅಜೀ, ಗಾಡಿ ನಿಕಾಲೋ! ಜಲ್ದಿ!" ಎಂದು ಗೌಹರ್ ಗಂಡನಿಗೆ ಕೂಗಿದಳು.

ಬಾಷಾನ ಓಮ್ನಿಯಲ್ಲಿ ಗೌಹರ್ ಮುಂದೆ ಕೂತಳು, ಬ್ಯಾಗು ಅವಳ ತೊಡೆಯ ಮೇಲೆ ಕೂತಿತು. ಸೀಟ್ ಬೆಲ್ಟ್ ಇಬ್ಬರಿಗೂ ಸೇರಿ ಒಂದೇ. ಅಶ್ವತ್ಥ್ ಹಿಂದೆ ಕೇಸಿಂಗ್ ಪೈಪುಗಳ ನಡುವೆ ಮುದುಡಿಕೊಂಡ.

"ಭಾರ ಆಗುತ್ತೆ, ನಾನಾದ್ರೂ ಹಿಡ್ಕೋತೀನಿ ಆಂಟಿ."

"ನಕ್ಕೋ, ಬೇಡ. ಮುಟ್ಬೇಡ."

ಬಿಇಎಲ್ ಸರ್ಕಲಿನಲ್ಲಿ ಎರಡು ಸಿಗ್ನಲ್ ಹೋದವು. ಮತ್ತೀಕೆರೆಯಲ್ಲಿ ಬಾಷಾ ಇದ್ದಕ್ಕಿದ್ದಂತೆ ವೇಗ ಕಮ್ಮಿ ಮಾಡಿ ಒಂದು ಅಪಾರ್ಟ್‌ಮೆಂಟಿನ ಕಡೆ ಬೆರಳು ತೋರಿಸಿದ. "ನೋಡು, ಇಲ್ಲಿ ಒಂಬೈನೂರು ಅಡಿ. ನಾನೇ ಇಳಿಸಿದ್ದು. ಒಂದು ಹನಿ ಬರ್ಲಿಲ್ಲ."

"ಅಂಕಲ್, ಹನ್ನೆರಡೂ ಐವತ್ತು!"

"ಒಂದು ಹನಿ!" ಎಂದು ಬಾಷಾ ಮತ್ತೊಮ್ಮೆ ಹೇಳಿ ಗೇರು ಬದಲಾಯಿಸಿದ.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೂವರೂ ಪ್ಲಾಟ್‌ಫಾರ್ಮಿನ ಮೇಲಿದ್ದರು. ರೈಲು ಬಂದು ನಿಂತಿತ್ತು. ಪಟಾಲಮ್ಮ ಕಲ್ಲುಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಸೀರೆಯ ಕೆಳಗೆ ಹೊಸ ಬಿಳಿ ಕ್ಯಾನ್ವಾಸ್ ಶೂಗಳು. ಅಶ್ವತ್ಥ್ ಶೂಗಳನ್ನು ಗಮನಿಸಿದ. ಕೇಳಲು ಹೊತ್ತಿರಲಿಲ್ಲ.

ಗೌಹರ್ ಬ್ಯಾಗನ್ನು ಎರಡೂ ಕೈಯಿಂದ ಪಟಾಲಮ್ಮನ ಮಡಿಲಿಗಿಟ್ಟಳು. "ತಗೊಳ್ಳಿ ಅಜ್ಜಿ. ಹೆಂಗೆ ಕೊಟ್ರೋ ಹಂಗೇ ಇದೆ. ಸಿಕ್ತು ಅಂತ ಹೇಳಿ."

"ಸಿಕ್ತು ಕಣವ್ವ."

ಗೌಹರ್ ಉಸಿರು ಬಿಟ್ಟಳು. ಪಟಾಲಮ್ಮ ಬ್ಯಾಗನ್ನು ಮೊಮ್ಮಗನ ಕಡೆ ತಳ್ಳಿದಳು. ಒಂದೂ ಮುಕ್ಕಾಲು ಗಂಟೆಯ ಪರದಾಟ ಮೂರು ಸೆಕೆಂಡಿನಲ್ಲಿ ಮುಗಿಯಿತು.

ಅಷ್ಟಕ್ಕೇ ಬಿಡದೆ ಗೌಹರ್ ಪರ್ಸಿನಿಂದ ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿದ ಪಟ್ಟಿ ತೆಗೆದಳು. ಪ್ರಯಾಣ ಹೋಗುವವರ ತೋಳಿಗೆ ಕಟ್ಟುವ ಇಮಾಮ್ ಜಾಮಿನ್. ಅಶ್ವತ್ಥನ ಬಲತೋಳಿಗೆ ಕಟ್ಟಿ, "ಹುಷಾರಾಗ್ ಹೋಗ್ಬಾ. ತಲುಪಿದ್ಮೇಲೆ ಆ ಕಾಸು ಯಾರಾದ್ರೂ ಬಡವ್ರಿಗೆ ಕೊಡು," ಎಂದಳು.

"ನಂಗೂ ಒಂದ್ ಕಟ್ಟವ್ವ ಗೌರಮ್ಮ," ಎಂದು ಪಟಾಲಮ್ಮ ತೋಳು ಚಾಚಿದಳು.

ವಯಸ್ಸಾದವರಿಗೆ ಎಲ್ಲದರ ಮೇಲೂ ಆಸೆ ಎಂದುಕೊಂಡ ಅಶ್ವತ್ಥ್.

ಎಸ್-ನಾಲ್ಕರ ಬಾಗಿಲಿನಲ್ಲಿ ಪಟಾಲಮ್ಮ ಅವನಿಗಿಂತ ಮೊದಲು ಮೆಟ್ಟಿಲು ಹತ್ತಿದಳು. "ನಿನ್ ಸೀಟು ಎಂಗೈತೆ ನೋಡ್ತೀನಿ." ನೋಡಿದಳು. ಎದುರಿನ ಕೆಳಗಿನ ಬರ್ತಿನಲ್ಲಿ, ಕಿಟಕಿಯ ಪಕ್ಕ, ಕಾಲು ಮಡಚಿ ಕೂತಳು. ಬಟ್ಟೆಯ ಚೀಲವನ್ನು ಸೀಟಿನ ಕೆಳಗೆ ತಳ್ಳಿದಳು.

ರೈಲು ಕೂಗಿತು.

"ಅಜ್ಜಿ, ಇಳಿ. ಹೊರಡುತ್ತೆ."

"ಊಂ."

"ಅಜ್ಜಿ, ಬೇಗ! ಆಂಟಿ ಅಂಕಲ್ ಕಾಯ್ತಿದಾರೆ."

ಪಟಾಲಮ್ಮ ಕಿಟಕಿಯಿಂದ ಕೈ ಬೀಸಿದಳು. ಹೊರಗೆ ಗೌಹರ್ ಕೈ ಬೀಸಿದಳು, ಆಮೇಲೆ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಪ್ಲಾಟ್‌ಫಾರ್ಮು ಹಿಂದಕ್ಕೆ ಸರಿಯತೊಡಗಿತು. ಅಶ್ವತ್ಥ್ ಚೈನಿಗೆ ಕೈ ಹಾಕಿದ.

"ಅದ್ನ ಎಳುದ್ರೆ ದಂಡ ಕಣ್ಲಾ. ಮಗ್ಗುಲಲ್ಲೇ ಬರ್ದವ್ರೆ, ಓದ್ಕೋ," ಎಂದಳು ಪಟಾಲಮ್ಮ. ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದವೊಂದನ್ನು ಅವನ ಕೈಗಿಟ್ಟಳು. ಟಿಕೆಟ್. ಪಟಾಲಮ್ಮ, ಎಪ್ಪತ್ತನಾಲ್ಕು, ಕೆಳಗಿನ ಬರ್ತು, ದಿಲ್ಲಿ.

"ವೇದಾ ನಿಂದು ಮಾಡ್ದಾಗ್ಲೇ ನಂದೂ ಮಾಡ್ದ್ಲು. ಚೀಲ ನಿನ್ ಕೈಲೇ ಇದ್ದಿದ್ರೆ ನನ್ನ ಬಿಟ್ಟು ಓಡೋಗ್ತಿದ್ದೆ. ಅದುಕ್ಕೇ ಗೌರಮ್ಮನ ತಾವ ಇಟ್ಟೆ. ಅವಳ ಕೈಯಿಂದ ಯಮ ಬಂದ್ರೂ ಕಿತ್ಕಣಕಾಗಲ್ಲ."

ಅಶ್ವತ್ಥ್ ಸೀಟಿನ ಮೇಲೆ ಕುಸಿದ. "ಅಜ್ಜಿ... ನಾನು ಟ್ರೈನಿಂಗಿಗೆ..."

"ಥೂ, ಸುಮ್ಕಿರು. ನಂಗೆ ಒಂದು ತಿಂಗ್ಳಿಂದ ಗೊತ್ತು. ಬೆಟ್ಟ, ಐಸು, ಎಲ್ಲಾ ವೇದಾ ಫೋನಾಗೆ ತೋರ್ಸವ್ಳೆ. ನಾನೂ ಎಪ್ಪತ್ನಾಕು ವರ್ಸ ಈ ಕೊಡಿಗೇಹಳ್ಳಿ ನೋಡಿವ್ನಿ. ಸಾಕು."

ಹೋಗಲಿ, ಎಂದುಕೊಂಡ ಅಶ್ವತ್ಥ್. ಒಬ್ಬನೇ ಹೋಗುವುದು ತಪ್ಪಿತು. ಬಿಡುಗಡೆಯಂತೂ ಸಿಕ್ಕಿದೆ. ಕೆಲಸ ಬಿಟ್ಟವನು ತಾನು. ಯಾವ ಬೆಟ್ಟದಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಅಜ್ಜಿ ಸುಸ್ತಾದರೆ ವಿಮಾನ ಹತ್ತಿಸಿ ಕಳಿಸಿದರಾಯಿತು.

ಪಟಾಲಮ್ಮ ಎಲೆ ಅಡಿಕೆ ಹಾಕಿಕೊಳ್ಳಲು ಪೊಟ್ಟಣ ಬಿಚ್ಚಿದಳು. ಎಲೆ ಸುತ್ತಿದ್ದ ಕಾಗದದ ಮೇಲೆ ಅಶ್ವತ್ಥನಿಗೆ ತನ್ನ ಸಹಿ ಕಾಣಿಸಿತು.

"ಇದು... ಇದೆಲ್ಲಿ ಸಿಕ್ತು ನಿಂಗೆ?"

"ಬೆಳಿಗ್ಗೆ ನಿನ್ ಆಪೀಸಿಗೆ ಓಗಿದ್ದೆ. ಹುಡುಗು ಬುದ್ಧಿ, ಏನೋ ಬರ್ಕೊಟ್ಟವ್ನೆ, ವಾಪಸ್ ಕೊಡಪ್ಪ ಅಂತ ಆ ಶರತನ್ನ ಕೇಳ್ದೆ. ಬಿಲ್ಡಿಂಗು ನನ್ ಎಸರಲ್ಲಿ ಐತೆ ಅಂತ ಅವನಿಗೂ ಗೊತ್ತಲ್ಲ, ಕುರ್ಚಿ ಹಾಕಿ, ಟೀ ಕೊಟ್ಟು, ಇದ್ನೂ ಕೊಟ್ಟ. ಒಳ್ಳೆ ಹುಡ್ಗ. ಹದ್ನೈದು ದಿವ್ಸ ರಜ ಅಂತ ಬರ್ಕಂಡವ್ನೆ. ಹದ್ನಾರ್ನೇ ದಿವ್ಸ ಬೆಳಿಗ್ಗೆ ಎಂಟಕ್ಕೆ ಡೂಟಿ."

ಅಶ್ವತ್ಥ್ ಕಾಗದವನ್ನು ಬಿಡಿಸಿ ನೋಡಿದ. 'ಈ ಮೂಲಕ ನನ್ನ ಹುದ್ದೆಗೆ' ಎಂಬುದರ ಮೇಲೆ ಸುಣ್ಣ ಮೆತ್ತಿತ್ತು.

"ವಾಪಸ್ ಟಿಕೀಟೂ ಆಗೈತೆ, ಇಬ್ರುದೂ," ಎಂದಳು ಪಟಾಲಮ್ಮ, ಅಡಿಕೆ ಅಗಿಯುತ್ತ. "ಆಮೇಲೆ ಅದೇನೋ ಹಾಸ್ಟೆಲ್ ಅಂತಲ್ಲ, ಮೇಲೊಂದು ಕೆಳಗೊಂದು ಮಂಚ ಇರಾದು. ಕೆಳಗಿಂದು ನಂದು."

ರೈಲು ಲೊಟ್ಟೆಗೊಲ್ಲಹಳ್ಳಿ ದಾಟಿತು. ಪಟಾಲಮ್ಮ ಒಮ್ಮೆ ಹೊರಗೆ ನೋಡಿದವಳೇ ಮೊಮ್ಮಗನ ಕತ್ತಿಗೆ ಕೈ ಹಾಕಿ ಕೆಳಗೆ ಒತ್ತಿದಳು.

"ಬಗ್ಗು!"

"ಯಾಕಜ್ಜಿ?"

"ಕೊಡಿಗೇಹಳ್ಳಿ ಬಂತು. ನಿಮ್ಮಪ್ಪ ಈ ಒತ್ನಲ್ಲಿ ಉಂಡು ಹಳಿ ಪಕ್ಕದ ಬೀಡಾ ಅಂಗ್ಡೀಲಿ ನಿಂತಿರ್ತಾನೆ. ಅವ್ನ್ ನಾನು ಟೇಸನ್ನಿಂದ ಚಿಕ್ಕಬಾಣಾವರಕ್ಕೆ ವಾಪಸ್ ಓದೆ ಅನ್ಕಂಡಿರ್ತಾನೆ."

"ನಿಂಗೂ ಅಪ್ಪ ಅಂದ್ರೆ ಭಯಾನಾ?"

"ಅವ್ನಿಗ್ಯಾಕ್ ಎದ್ರಲಿ ನಾನು? ಕೇಳಿದ್ರೆ ಅವ್ನೂ ಬತ್ತೀನಿ ಅಂತಾನೆ. ಬಗ್ಗು!"

ಎದುರು ಕೂತಿದ್ದ ಪ್ರಯಾಣಿಕ ಪತ್ರಿಕೆ ಇಳಿಸಿ ನೋಡಿದ. ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಇಬ್ಬರು, ಒಬ್ಬ ಮುದುಕಿ, ಒಬ್ಬ ಗಂಡಸು, ಕಿಟಕಿಯ ಕೆಳಗೆ ತಲೆ ಹುದುಗಿಸಿ ಸೀಟಿನ ರೆಕ್ಸಿನ್ನಿಗೆ ಮೂಗು ಒತ್ತಿ ಕೂತಿದ್ದರು. ಅವನು ಏನೋ ಕೇಳಲು ಬಾಯಿ ತೆರೆದ, ಮತ್ತೆ ಪತ್ರಿಕೆ ಎತ್ತಿಕೊಂಡ.

"ದಾಟ್ತೇನ್ಲಾ?" ಎಂದು ಪಟಾಲಮ್ಮ ಪಿಸುಗುಟ್ಟಿದಳು.

ರೈಲು ಒಂದು ಸಲ ಜಗ್ಗಿ, ನಿಧಾನವಾಗಿ, ಕೊಡಿಗೇಹಳ್ಳಿಯಲ್ಲೇ ಸಿಗ್ನಲ್ಲಿಗಾಗಿ ನಿಂತಿತು.